ಹಂಚಿನ ಕಾರ್ಖಾನೆಯಲ್ಲಿದ್ದ ವ್ಯಾನ್

ದೂರದ ಊರುಗಳಿಗೆ ಹೋಗಿ ಬಂದವರು ಪ್ರವಾಸದ ಬಗ್ಗೆ ಬರೆಯುತ್ತಾರೆ. ನಾನು ಹೋದದ್ದು ಬೆಳಗಾವಿಯಿಂದ ಖಾನಾಪುರಕ್ಕೆ, ಸುಮಾರು ಇಪ್ಪತ್ತಾರು ಕಿಲೋಮೀಟರ್. ಬೆಳಿಗ್ಗೆ ಎಂಟಕ್ಕೆ ಹೊರಟು ಮಧ್ಯಾಹ್ನ ಎರಡೂವರೆಗೆ ಮನೆಗೆ ಬಂದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅಷ್ಟು ಸಣ್ಣ ಪ್ರವಾಸದಲ್ಲಿ ನಾನು ಮಾಡಿದ ಕೆಲಸವನ್ನು ಮನೆಯಲ್ಲೂ ಇನ್ನೂ ಹೇಳಿಲ್ಲ.

ಬೆಳಗಾವಿಯ ವಡಗಾವಿಯಲ್ಲಿ ನನ್ನದೊಂದು ಗ್ಯಾರೇಜು. ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಎದುರುಬದುರು ಎರಡು ಟೆಂಪೊ ಬಂದರೆ ಒಂದು ಹಿಂದೆ ಸರಿಯಲೇಬೇಕು. ಅಂಥಲ್ಲಿಗೆ ಮಲ್ಲಪ್ಪ ತನ್ನ ಹೊಸ ಬಿಳಿ ಕಾರು ತಂದು ನಿಲ್ಲಿಸಿ ಹಾರ್ನ್ ಹೊಡೆದ. ದೊಡ್ಡ ರಸ್ತೆಯಲ್ಲಿ ನಿಂತು ಫೋನ್ ಮಾಡಬಹುದಿತ್ತು. ಹಾಗೆ ಮಾಡಿದರೆ ಗಲ್ಲಿಯ ಮಗ್ಗದವರೆಲ್ಲ ಹೊರಗೆ ಬಂದು ಕಾರು ನೋಡುವುದು ಹೇಗೆ? ಮಲ್ಲಪ್ಪ ಮತ್ತು ನಾನು ಒಂದನೇ ಇಯತ್ತೆಯಿಂದ ಗೆಳೆಯರು. ಈಗ ಅವನಿಗೆ ರವಿವಾರ ಪೇಟೆಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಹೋಲ್‌ಸೇಲ್ ಅಂಗಡಿ ಇದೆ. ನನಗೆ ಆಯಿಲ್ ಮೆತ್ತಿದ ಎರಡು ಜೊತೆ ಬಟ್ಟೆ ಇವೆ.

ನಾವು ಹೊರಟದ್ದು ಒಂದು ಹಳೆಯ ವ್ಯಾನ್ ನೋಡಲು. ಖಾನಾಪುರದ ಆಚೆ, ನಂದಗಡ ರಸ್ತೆಯಲ್ಲಿ, ಮುಚ್ಚಿಹೋದ ಹಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ ಅದು ನಿಂತಿತ್ತು. ಒಳಗೇ ಹಾಸಿಗೆ, ಒಲೆ, ಕಪಾಟು ಇರುವ, ಮಲಗಿ ಎದ್ದು ಊರೂರು ತಿರುಗುವ ವಿಲಾಯತಿ ಗಾಡಿ. ಹನ್ನೆರಡು ವರ್ಷಗಳಿಂದ ಆ ಕಡೆ ಕೆಲಸಕ್ಕೆ ಹೋದಾಗಲೆಲ್ಲ ನಾನು ಶೆಡ್ಡಿನ ಸಂದಿಯಿಂದ ಅದನ್ನು ಇಣುಕಿ ನೋಡಿ ಬರುತ್ತಿದ್ದೆ. ಗ್ಯಾರೇಜಿನ ಹಿಂದಿನ ಖಾಲಿ ಜಾಗವನ್ನು ಬಾಡಿಗೆಗೆ ಕೊಡದೆ ಅದಕ್ಕೆಂದೇ ಇಟ್ಟಿದ್ದೆ. ಒಂದು ದಿನ ಚಹಾ ಕುಡಿಯುವಾಗ ಮಲ್ಲಪ್ಪನ ಮುಂದೆ ಬಾಯಿ ಬಿಟ್ಟೆ. ಅಲ್ಲಿ ಅಂಥದ್ದೊಂದು ಇದೆ ಎಂದೆನೇ ಹೊರತು ನನಗೆ ಬೇಕು ಎನ್ನಲಿಲ್ಲ. ವಾರದೊಳಗೆ ಅವನು ಮಾಲಕಿಯ ನಂಬರು ಹುಡುಕಿ, ಮಾರುತ್ತೀರಾ ಎಂದು ಕೇಳಿ, ಅವರು ಹೂಂ ಅಂದದ್ದೂ ಆಯಿತು. ಇಂಜಿನ್ ನೋಡಿ ಹೇಳಲು ನಾನು ಬೇಕಾದೆ.

“ಲೇ ಬಸೂ, ಛತ್ತಿನ ಗಾಜು ತಗೀಲೇನು? ಬಟನ್ ಒತ್ತಿದ್ರ ಸಾಕು,” ಎಂದ ಮಲ್ಲಪ್ಪ.

“ಬ್ಯಾಡೋ, ಥಂಡಿ ಐತಿ.”

ಆದರೂ ತೆಗೆದ. ಡಿಸೆಂಬರಿನ ಮಂಜು ಪೀರನವಾಡಿ ದಾಟುವವರೆಗೆ ನನ್ನ ಬೋಳುತಲೆಯ ಮೇಲೆ ಇಳಿಯುತ್ತಿತ್ತು. ಮಚ್ಛೆ, ದೇಸೂರು ಕಳೆದ ಮೇಲೆ ಬಿಸಿಲು ಬಂತು. ಖಾನಾಪುರದ ಬಸ್ ನಿಲ್ದಾಣದ ಹತ್ತಿರ ಮಿಸಳ್ ತಿಂದೆವು, ಇಬ್ಬರಿಗೆ ನೂರಿಪ್ಪತ್ತು ರೂಪಾಯಿ. ನನ್ನ ಕೈ ಕಿಸೆಗೆ ಹೋಗುವ ಮೊದಲೇ ಅವನು ಫೋನಿನಿಂದ ಕೊಟ್ಟಾಗಿತ್ತು. ವ್ಯಾನ್ ನೋಡಿಕೊಂಡು ಹಾಗೆಯೇ ಹಲಸಿಗೆ ಹೋಗಿ ಹಳೆಯ ಗುಡಿಗಳನ್ನೂ ನೋಡೋಣ ಎಂದು ಹೇಳಿದ. ಮಲಪ್ರಭಾ ಸೇತುವೆ ದಾಟುವಾಗ ಆ ವ್ಯಾನಿನಲ್ಲಿ ಹೆಂಡತಿಯನ್ನು ಎಲ್ಲೆಲ್ಲಿ ಕರೆದೊಯ್ಯುವೆನೆಂದು ಊರುಗಳ ಹೆಸರು ಎಣಿಸತೊಡಗಿದ. ಅವೆಲ್ಲ ನಾನು ಹನ್ನೆರಡು ವರ್ಷಗಳಿಂದ ಮನಸ್ಸಿನಲ್ಲೇ ಹೋಗಿ ಬಂದ ಊರುಗಳು.

ಮಾಲಕಿ ಶಾಂತಾಬಾಯಿಗೆ ಎಪ್ಪತ್ತು ದಾಟಿತ್ತು. ಕಾರ್ಖಾನೆಯ ಬಾಜೂಕ್ಕೇ ಮನೆ. ಮಲ್ಲಪ್ಪ ಕಾರಿನಿಂದ ಕುಂದಾದ ಪೊಟ್ಟಣ ತೆಗೆದು ಕೊಟ್ಟು ಕಾಲಿಗೆ ನಮಸ್ಕರಿಸಿದ. ಬರಿಗೈಯಲ್ಲಿ ಬಂದ ನಾನು ಉಪಕರಣದ ಚೀಲ ಹಿಡಿದುಕೊಂಡು ನಿಂತೆ.

“ಬರ್ರಿ, ಕುಂದರ್ರಿ,” ಎಂದ ಅವರು ಕೀಲಿ ತಂದು ಶೆಡ್ಡು ತೆಗೆದರು. “ಗೋವಾಕ್ಕ ಹೊಂಟ ಫಾರಿನ್ ಮಂದಿ ಇಲ್ಲೇ ಬಿಟ್ಟು ಹೋದ್ರು. ಇವರು ತಗೊಂಡು ದುರುಸ್ತಿ ಮಾಡ್ಸಿದ್ರು. ಪಂಢರಪುರ, ರಾಮೇಶ್ವರ ಎಲ್ಲಾ ಇದರಾಗs ನೋಡೇವಿ. ಇವರು ಹೋದಾಗಿಂದ ನಿಂತೈತಿ.”

ಇವರು ಎಂದರೆ ತೀರಿಹೋದ ಅವರ ಗಂಡ. ಸಂದಿಯಿಂದ ಕಂಡದ್ದಕ್ಕಿಂತ ವ್ಯಾನ್ ದೊಡ್ಡದಾಗಿತ್ತು. ಕೆಳಗೆ ಹಸಿರು, ಮೇಲೆ ಬಿಳಿ. ನಾಲ್ಕೂ ಟೈರು ನೆಲಕ್ಕೆ ಕೂತಿದ್ದವು. ಒಳಗೆ ಹಾಸಿಗೆಯ ಮೇಲೆ ಕೌದಿ ಮಡಚಿಟ್ಟಿತ್ತು, ಕಿಟಕಿಗೆ ಹೂವಿನ ಪರದೆ ಇತ್ತು. ಮಲ್ಲಪ್ಪ ಚಪ್ಪಲಿ ಬಿಟ್ಟು ಒಳಗೆ ಹತ್ತಿ ಹಾಸಿಗೆಯ ಮೇಲೆ ಮಲಗಿಯೇ ನೋಡಿದ. ನನಗೆ ಅವನ ಕಾಲು ಹಿಡಿದು ಎಳೆಯಬೇಕೆನಿಸಿತು.

ಶಾಂತಾಬಾಯಿ ಅವನನ್ನು ಚಹಾಕ್ಕೆ ಮನೆಯೊಳಗೆ ಕರೆದರು. ಕೈ ಮಣ್ಣಾಗಿದೆ, ಆಮೇಲೆ ಬರುತ್ತೇನೆ ಎಂದು ನಾನು ಉಳಿದೆ. ಈ ಗಾಡಿಯ ಇಂಜಿನ್ ಹಿಂಬದಿಗೆ ಇರುತ್ತದೆ. ಮುಚ್ಚಳ ಎತ್ತಿ, ಪ್ಲಗ್ಗು ಬಿಚ್ಚಿ, ತೂತುಗಳಿಗೆ ಆಯಿಲ್ ಬಿಟ್ಟು, ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಮೆಲ್ಲಗೆ ಒತ್ತಿದೆ. ಇಷ್ಟು ವರ್ಷ ನಿಂತ ಇಂಜಿನ್ ಜಾಮ್ ಆಗಿಯೇ ಇರುತ್ತದೆ ಎಂದುಕೊಂಡಿದ್ದೆ. ಅದು ಸಲೀಸಾಗಿ ತಿರುಗಿತು.

ಸಂತೋಷ ಆಗಬೇಕಿತ್ತು. ಆಗಲಿಲ್ಲ. ಇನ್ನು ಹತ್ತು ನಿಮಿಷಕ್ಕೆ ಇದು ಅವನದಾಗುತ್ತದೆ. ಮುಂದಿನ ಬಾಗಿಲು ತೆಗೆದು ಗೇರನ್ನು ನಾಲ್ಕಕ್ಕೆ ಹಾಕಿದೆ, ಹ್ಯಾಂಡ್‌ಬ್ರೇಕ್ ಎಳೆದೆ. ಹಾಗೆ ಮಾಡಿದರೆ ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಕೈಯಿಂದ ತಿರುಗುವುದಿಲ್ಲ. ಗೇರ್ ಮುಂದೆ, ಇಂಜಿನ್ ಹಿಂದೆ, ನೋಡುವವನಿಗೆ ಏನೂ ಗೊತ್ತಾಗದು. ಮಲ್ಲಪ್ಪ ಕೈಬಿಟ್ಟ ಮೇಲೆ ತಿಂಗಳು ಬಿಟ್ಟು ನಾನೊಬ್ಬನೇ ಬಂದು ಕೇಳುವುದು ಎಂದು ಅಂದುಕೊಂಡೆ.

ಇಬ್ಬರೂ ಹೊರಗೆ ಬಂದಾಗ ಅವರ ಎದುರು ಪಾನಾದ ಮೇಲೆ ಮೈಭಾರವೆಲ್ಲ ಹಾಕಿ ತೋರಿಸಿದೆ. “ಜಾಮ್ ಆಗೇತಿ. ತಿರುಗವಲ್ದು. ಬಿಟ್ಟು ನಡಿ ಮಲ್ಲಪ್ಪಾ.”

ಮಲ್ಲಪ್ಪ ತಾನೂ ಒತ್ತಿ ನೋಡಿದ. “ನೀ ಅಂದ ಮ್ಯಾಲ ಮುಗೀತು ಬಿಡು,” ಎಂದ. ನಾಲ್ಕು ಪ್ರಶ್ನೆ ಕೇಳುತ್ತಾನೆಂದು ಉತ್ತರ ಸಿದ್ಧ ಮಾಡಿಟ್ಟಿದ್ದೆ, ಅವನು ಒಂದೂ ಕೇಳಲಿಲ್ಲ.

ಶಾಂತಾಬಾಯಿ ಮಾತ್ರ ನಿಂತಲ್ಲೇ ನಿಂತಿದ್ದರು. “ಹೆಂಗ ಆತ್ರಿ ಇದು? ಖಂಡೇನವಮಿಗೆ ನಾನs ತಿರುಗಿಸೇನಲ್ಲ. ವರ್ಷಾ ಆಯುಧ ಪೂಜಾ ಮಾಡೂದರಾಗ ಎಣ್ಣಿ ಬಿಟ್ಟು ನಾಕು ಸುತ್ತು ತಿರುಗಸ್ತೇನಿ. ನಿಂತ ಗಾಡಿ ಕಲ್ಲಾಗತೈತಿ, ತಿರುಗಸೂದು ಬಿಡಬ್ಯಾಡ ಅಂತ ಇವರು ದವಾಖಾನ್ಯಾಗ ಮಲಕೊಂಡು ಹೇಳಿದ್ರು.” ಅವರು ಗೋಡೆ ಹಿಡಿದು ಕಟ್ಟೆಯ ಮೇಲೆ ಕುಳಿತರು. “ಈ ವರ್ಷ ಕೈಯಾಗ ಶಕ್ತಿ ಇದ್ದಿದ್ದಿಲ್ಲ. ಎರಡs ಸುತ್ತು ತಿರುಗಿಸಿದೆ. ಅದಕ್ಕs ಹಿಂಗಾತು. ನಾನs ಕೆಡಿಸಿದೆ. ಅವರಿಗೆ ಏನ್ ಹೇಳ್ಲಿ?”

ಅವರು ಸೆರಗು ಬಾಯಿಗೆ ಹಿಡಿದು ಅಳತೊಡಗಿದರು. ಮಲ್ಲಪ್ಪನ ಮೇಲಿನ ಉರಿ ಒಂದಿಷ್ಟೂ ಕಡಿಮೆಯಾಗಿರಲಿಲ್ಲ, ಖರೇ ಹೇಳುತ್ತೇನೆ. ಆದರೆ ಈ ಹೆಣ್ಣುಮಗಳು ಏನು ಮಾಡಿದ್ದರು?

ಮುಂದೆ ಹೋಗಿ ಇಬ್ಬರಿಗೂ ಕಾಣುವ ಹಾಗೆ ಬಾಗಿಲು ತೆಗೆದು, ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದೆ. “ಏಳ್ರಿ ಕಾಕೂ. ನೀವs ತಿರುಗಸ್ರಿ,” ಎಂದು ಪಾನಾ ಅವರ ಕೈಗೆ ಕೊಟ್ಟೆ. ಅವರು ಒತ್ತಿದರು. ಪುಲ್ಲಿ ಸದ್ದಿಲ್ಲದೆ ತಿರುಗಿತು.

“ಗೇರಿನ್ಯಾಗ ಇತ್ತೇನು?” ಎಂದ ಮಲ್ಲಪ್ಪ.

“ನಾನs ಮರ್ತು ಇಟ್ಟಿರಬೇಕು ನೋಡ್ರಿ,” ಎಂದರು ಶಾಂತಾಬಾಯಿ.

“ಇಲ್ರಿ, ನಾ ಹಾಕಿದ್ದೆ,” ಎಂದೆ. “ನೀವು ಒಳಗ ಚಹಾ ಕುಡಿಯೂ ಮುಂದ. ಹೊಟ್ಟಿಕಿಚ್ಚಿಗೆ.”

ಮಲ್ಲಪ್ಪ ನನ್ನ ಮುಖ ನೋಡಲಿಲ್ಲ, ಗೇರನ್ನೇ ನೋಡುತ್ತ ನಿಂತ. ಶಾಂತಾಬಾಯಿ ಇನ್ನೊಂದು ಸುತ್ತು ತಿರುಗಿಸಿ, ಪಾನಾ ಕೆಳಗಿಟ್ಟು ಕೈ ಒರೆಸಿಕೊಂಡರು. “ನನ್ನ ಕೈಲೆ ಕೆಟ್ಟಿಲ್ಲಲ್ಲ. ಅಷ್ಟs ಸಾಕು.” ಆಮೇಲೆ ಮಲ್ಲಪ್ಪನ ಕಡೆ ತಿರುಗಿ, “ಗಾಡಿ ನಿಮ್ಮದು. ಖಂಡೇನವಮಿ ಮರೀಬ್ಯಾಡ್ರಿ,” ಎಂದರು.

ಹಲಸಿಯ ಮಾತನ್ನು ಯಾರೂ ಎತ್ತಲಿಲ್ಲ. ಕಾರು ತಿರುಗುವಾಗ ಹಿಂದಿನ ಗಾಜಿನಿಂದ ನೋಡಿದೆ. ಶೆಡ್ಡಿನ ಬಾಗಿಲು ಪೂರ್ತಿ ತೆರೆದಿತ್ತು, ವ್ಯಾನಿನ ಮೋರೆಯ ಮೇಲೆ ಬಿಸಿಲು ಬಿದ್ದಿತ್ತು. ಅಷ್ಟೆಲ್ಲ ಆದ ಮೇಲೂ ಅದು ನನಗೆ ಬೇಕಿತ್ತು.

ಬೆಳಗಾವಿ ಬರುವವರೆಗೆ ಮಲ್ಲಪ್ಪ ಈಗ ಬೈಯುತ್ತಾನೆ, ಆಗ ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ವಡಗಾವಿಯಲ್ಲಿ ನಾನು ಇಳಿಯುವಾಗ ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದ, “ನಿನಗ ಬೇಕಾಗಿತ್ತಂದ್ರ ಹೇಳಬೇಕಿಲ್ಲೋ ಬಸೂ? ನಾ ಆ ಕಾಕೂಗೆ ಫೋನs ಮಾಡ್ತಿದ್ದಿಲ್ಲ.”

ಅವನು ನಿಜ ಹೇಳಿದನೋ, ಬಾಯಿಮಾತಿಗೆ ಅಂದನೋ ನನಗೆ ಗೊತ್ತಿಲ್ಲ. ಬಾಯಿಮಾತೇ ಆಗಿರಲಿ ಎಂದು ಅವತ್ತಿನಿಂದ ಬೇಡಿಕೊಳ್ಳುತ್ತಿದ್ದೇನೆ.