ಸ್ಟಾಪ್‌ವಾಚಿನ ಸಾಹೇಬರು

ಸಾಹೇಬರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಹರಿಹರದ ಕಾರ್ಖಾನೆಯೊಂದರಲ್ಲಿ ಯಾವ ಕೆಲಸಕ್ಕೆ ಎಷ್ಟು ಸೆಕೆಂಡು ಹಿಡಿಯುತ್ತದೆಂದು ಅಳೆಯುವುದೇ ಅವರ ನೌಕರಿ. ವರ್ಷಗಟ್ಟಲೆ ಸ್ಟಾಪ್‌ವಾಚಿನ ಗುಂಡಿ ಒತ್ತಿ ಒತ್ತಿ ಹಾಗಾಗಿತ್ತು. ಕೆಲಸಗಾರರು ಎದುರಿಗೆ ಸಾಹೇಬ್ರು ಅನ್ನುತ್ತಿದ್ದರು, ಹಿಂದಿನಿಂದ ಅನ್ನುತ್ತಿದ್ದದ್ದನ್ನು ಬರೆಯುವಂತಿಲ್ಲ.

ಎಂಬತ್ತರ ದಶಕದ ಕೊನೆ. ಅದೇ ಕಾರ್ಖಾನೆಯಲ್ಲಿ ಲೇತ್ ತಿರುಗಿಸಿ ಮೇಲೆ ಬಂದ ನಾನು ದಾವಣಗೆರೆಯ ವಿದ್ಯಾನಗರದಲ್ಲಿ ಕಂಪ್ಯೂಟರಿನಲ್ಲಿ ಯಂತ್ರಗಳ ನಕ್ಷೆ ಬಿಡಿಸುವ ಆಫೀಸು ತೆರೆದಿದ್ದೆ. ಅವತ್ತು ಮೂರು ಗಂಟೆಗೆ ಕಾರ್ಖಾನೆಯ ಆಫೀಸರುಗಳು ಬರುವವರಿದ್ದರು. ಅವರ ಕಣ್ಣೆದುರು ನಕ್ಷೆ ಚುರುಕಾಗಿ ಮೂಡಿದರೆ ವರ್ಷದ ಕೆಲಸ ನಮ್ಮದು, ಇಲ್ಲವಾದರೆ ಆಫೀಸಿಗೆ ಬೀಗ. ಹನ್ನೊಂದಾದರೂ ಗೇರ್‌ಬಾಕ್ಸಿನ ನಕ್ಷೆ ಪರದೆಯ ಮೇಲೆ ತೆವಳುತ್ತಿತ್ತು. ಕಂಪ್ಯೂಟರ್ ಮಾರಿದವನಿಗೆ ಟ್ರಂಕ್ ಕಾಲ್ ಮಾಡಿದರೆ, "ಡಿಸ್‌ಪ್ಲೇ ಸರ್ವರ್ ನಿಧಾನ ಸಾರ್, ಹೊಸ ಮಷೀನ್ ತಗೊಳ್ಳಿ" ಅಂದ. ಪರದೆಗೆ ಚಿತ್ರ ಬಿಡಿಸಿಕೊಡುವ ಪ್ರೋಗ್ರಾಮಿಗೆ ಆ ಹೆಸರು.

ನಿವೃತ್ತರಾಗಿದ್ದ ಸಾಹೇಬರ ಮನೆಗೆ ಸ್ಕೂಟರ್ ಓಡಿಸಿದೆ.

"ನಂಗೆ ಕಂಪ್ಯೂಟರ್ ಗೊತ್ತಿಲ್ರಿ, ಸಾವ್ಕಾರ್ರೆ."

"ಗಡಿಯಾರ ಗೊತ್ತೈತಲ್ಲ, ಬರ್ರಿ."

ನಕ್ಷೆ ಪೂರ್ತಿ ಮೂಡುವುದಕ್ಕೆ ಮೊದಲ ಅಳತೆ: ನಲವತ್ತೊಂದು ಸೆಕೆಂಡು. ಬೇಡದ್ದನ್ನೆಲ್ಲ ಒಟ್ಟಿಗೆ ತೆಗೆದುಬಿಡಲು ನಾನು ಕೀಬೋರ್ಡಿಗೆ ಕೈ ಹಾಕಿದೆ.

"ಕೈ ತೆಗೀರಿ! ಒಂದು ಸಲಕ್ಕೆ ಒಂದೇ ತೆಗೆದು ಅಳೀಬೇಕು. ಎರಡು ತೆಗೆದ್ರೆ ಕಳ್ಳ ಯಾರಂತ ಹೆಂಗೆ ಹೇಳ್ತೀರಿ?"

ಬಣ್ಣ ತೆಗೆಸಿದರು: ನಲವತ್ತು. ಪರದೆಯ ಗಡಿಯಾರ ತೆಗೆಸಿದರು: ಮೂವತ್ತೊಂಬತ್ತು. ಹೀಗೆ ಒಂದೊಂದನ್ನೇ ತೆಗೆದು ಅಳೆಯುವುದರಲ್ಲಿ ಎರಡೂವರೆ ಆಯಿತು.

"ಸಾಹೇಬ್ರೆ, ಬಂದೇಬಿಡ್ತಾರ್ರಿ!"

ಅವರು ಪರದೆಯ ಮೇಲೆ ನಕ್ಷೆ ಮೂಡುತ್ತಿದ್ದ ಚೌಕಕ್ಕೆ ಬೆರಳಿಟ್ಟರು. "ಈ ದೊಡ್ಡ ಚೌಕದ ಹಿಂದೆ ಏನೈತೆ?"

ಸರಿಸಿದೆ. ಹಿಂದೆ ಇನ್ನೊಂದು ಪುಟ್ಟ ಚೌಕ, ಅದರಲ್ಲಿ ಅದೇ ನಕ್ಷೆ. ಕಂಪ್ಯೂಟರ್ ಕೊಳ್ಳುವಾಗ ಒಂದು ತಾಸು ಚೌಕಾಸಿ ಮಾಡಿ ನಾನೇ ಪುಕ್ಕಟೆ ಹಾಕಿಸಿಕೊಂಡಿದ್ದ ಪ್ರೋಗ್ರಾಮು! ಮುಂದೆ ಒಂದು ಗೆರೆ ಮೂಡಿದಾಗಲೆಲ್ಲ ಅದು ಕಾಣದಂತೆ ಕೂತು ಪೂರ್ತಿ ನಕ್ಷೆಯನ್ನು ಮೊದಲಿನಿಂದ ಬಿಡಿಸುತ್ತಿತ್ತು. ಮುಚ್ಚಿದೆ. ಹೆಬ್ಬೆರಳು ಒತ್ತಿತು.

ಒಂಬತ್ತು.

"ಪುಕ್ಕಟೆ ಬಂದ ನೆಂಟ ನೋಡ್ರಿ," ನಕ್ಕರು, "ಹಿತ್ಲಾಗೆ ಕುಂತು ಮನೀನೇ ತಿಂತಿದ್ದ."

ಆಫೀಸರುಗಳು ಚಹಾದ ಕಪ್ಪು ಎತ್ತುವಷ್ಟರಲ್ಲಿ ನಕ್ಷೆ ಎದುರಿಗಿತ್ತು. ಕೆಲಸ ನಮಗೇ ಬಂತು.

ಸಾಹೇಬರನ್ನು ಹರಿಹರದ ಮಣ್ಣಿಗೆ ಕೊಟ್ಟ ದಿನ ನಾನೂ ಮೂರು ಹಿಡಿ ಹಾಕಿದೆ. ವ್ಯಾಪಾರಕ್ಕೆ ಇಳಿಯುವವರಿಗೆ ನನ್ನದೊಂದೇ ಮಾತು: ಚೌಕಾಸಿ ಮಾಡ್ರಿ, ಆದರೆ ಪುಕ್ಕಟೆ ಬಂದದ್ದನ್ನು ಮೊದಲು ಅಳೀರಿ. ಇವತ್ತಿಗೂ ಯಾರಾದರೂ "ಇದು ಫ್ರೀ ಸಾರ್" ಅಂದರೆ, ಜೇಬಿನೊಳಗೆ ನನ್ನ ಹೆಬ್ಬೆರಳು ತಾನಾಗಿ ಒತ್ತುತ್ತದೆ.