ಏಳನೇ ಟೇಪು

ಹಿಂದೂಪುರದಲ್ಲಿ ಆರ್ಕೆಸ್ಟ್ರಾ ಅಂದರೆ ಮದುವೆ ರಿಸೆಪ್ಷನ್ನಿನಲ್ಲಿ ಸಿನಿಮಾ ಹಾಡು ಹಾಡುವ ತಂಡ. ಒಂದು ಕೀಬೋರ್ಡು, ಎರಡು ಡ್ರಮ್ಮು, ಮೈಕು ಕೈಗೆ ಸಿಕ್ಕರೆ ಬಿಡದ ಒಬ್ಬ ಗಾಯಕ. ನೇಕಾರ ವೇಣುಗೋಪಾಲನಿಗೆ ಆರ್ಕೆಸ್ಟ್ರಾ ಹುಚ್ಚು ಎಂದು ಕೇಳಿ ತಿಳಿದವರು ಅವನನ್ನು ಇಂಥ ಮದುವೆಗಳಿಗೆ ವಿಶೇಷವಾಗಿ ಕರೆಯುತ್ತಿದ್ದರು. ಅವನು ಹೋಗಿ, ಹೊಟ್ಟೆ ತುಂಬ ಉಂಡು, ಹಾಡು ಶುರುವಾಗುವ ಮೊದಲೇ ಚಪ್ಪಲಿ ಹುಡುಕಿಕೊಂಡು ವಾಪಸು ಬರುತ್ತಿದ್ದ.

ಅವನ ಆರ್ಕೆಸ್ಟ್ರಾವೇ ಬೇರೆ. ಎಲ್ಲೋ ಯುರೋಪಿನಲ್ಲಿ ಎಂಬತ್ತು ನೂರು ಜನ ಸಾಲಾಗಿ ಕೂತು, ಎದುರಿಗೆ ಹಾಳೆ ಇಟ್ಟುಕೊಂಡು, ಮುಂದೆ ನಿಂತವನ ಕಡ್ಡಿ ಆಡಿದಂತೆ ಪಿಟೀಲು, ಕೊಳಲು, ಕಹಳೆ, ನಗಾರಿ ನುಡಿಸುವುದು. ಹಾಡುವವರಿಲ್ಲ, ಮಾತಿಲ್ಲ. ಅಂಥ ತಂಡವನ್ನು ವೇಣುಗೋಪಾಲ ಈ ಐವತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಕಣ್ಣಾರೆ ಕಂಡವನಲ್ಲ. ಆದರೂ ಆ ಸಂಗೀತದಲ್ಲೆಲ್ಲ ಅತಿ ದೊಡ್ಡದು ಯಾವುದು ಎಂದು ತೀರ್ಪು ಕೊಡುವ ಹಕ್ಕು ತನಗುಂಟು ಎಂದು ನಂಬಿದ್ದ. ಈ ಧೈರ್ಯವನ್ನು ಮೆಚ್ಚಲೇಬೇಕು.

ಆ ಸಂಗೀತ ಅವನ ಬಾಳಿಗೆ ಬಂದದ್ದು ಒಂದು ಸೀರೆಯ ದೆಸೆಯಿಂದ. ಮೂವತ್ತು ವರ್ಷದ ಹಿಂದೆ ಊರಾಚೆಯ ಕಾರ್ಖಾನೆಯೊಂದರಲ್ಲಿದ್ದ ಬಂಗಾಳಿ ಇಂಜಿನಿಯರೊಬ್ಬರು ಹೆಂಡತಿಗೆಂದು ಅವನ ಕೈಯಲ್ಲಿ ರೇಷ್ಮೆ ಸೀರೆ ನೇಯಿಸಿದರು. ಸೀರೆ ಮನಸ್ಸಿಗೆ ಬಂತು. ಊರು ಬಿಡುವ ದಿನ ಪ್ರೀತಿಯಿಂದ ಒಂದು ಟೇಪ್ ರೆಕಾರ್ಡರನ್ನೂ ಏಳು ಕ್ಯಾಸೆಟ್ಟುಗಳನ್ನೂ ಅವನ ಮಗ್ಗದ ಶೆಡ್ಡಿನಲ್ಲಿಟ್ಟು ಹೋದರು. ಕ್ಯಾಸೆಟ್ಟಿನ ಮೇಲಿನ ಇಂಕು ಬೆವರಿಗೆ ಕರಗಿ ಹೋಗಿತ್ತು. ಯಾರು ಬರೆದದ್ದು, ಏನು ಹೆಸರು, ಒಂದೂ ಗೊತ್ತಿಲ್ಲ. ವೇಣುಗೋಪಾಲ ಅವಕ್ಕೆ ಒಂದರಿಂದ ಏಳರವರೆಗೆ ನಂಬರು ಬರೆದ. ಪ್ರತಿ ಟೇಪಿನಲ್ಲೂ ಸಂಗೀತ ನಡುನಡುವೆ ನಿಂತು ಮತ್ತೆ ಶುರುವಾಗುತ್ತಿತ್ತು. ಒಂದೊಂದು ಭಾಗವನ್ನೂ ಅವನು ಒಂದೊಂದು ತುಂಡು ಎಂದು ಕರೆದ.

ಕೇಳುವುದಕ್ಕೆ ಹೊತ್ತು ಯಾವಾಗ? ಪವರ್‌ಲೂಮ್ ಶೆಡ್ಡಿನಲ್ಲಿ ಆರು ಮಗ್ಗ ಒಟ್ಟಿಗೆ ಓಡುತ್ತಿದ್ದರೆ ಪಕ್ಕದಲ್ಲಿ ನಿಂತವನು ಕಿರುಚಿದರೂ ಬಾಯಿ ಆಡುವುದು ಕಾಣುತ್ತದೆಯೇ ಹೊರತು ಮಾತು ಕೇಳುವುದಿಲ್ಲ. ಆ ಕಾಲದಲ್ಲಿ ದಿನಕ್ಕೆ ಎರಡು ಮೂರು ಗಂಟೆ ಕರೆಂಟು ತೆಗೆಯುತ್ತಿದ್ದರು. ಊರಿನ ನೇಕಾರರೆಲ್ಲ ಬೈದುಕೊಂಡು ಬೀಡಿ ಹಚ್ಚುವ ಆ ಹೊತ್ತಿಗಾಗಿ ವೇಣುಗೋಪಾಲ ಮಾತ್ರ ಬೆಳಗಿನಿಂದ ಕಾಯುತ್ತಿದ್ದ. ಮಗ್ಗಗಳು ಸುಮ್ಮನಾದ ಕೂಡಲೇ ಟೇಪ್ ರೆಕಾರ್ಡರಿಗೆ ನಾಲ್ಕು ಸೆಲ್ಲು ಹಾಕಿ ಗುಂಡಿ ಒತ್ತುತ್ತಿದ್ದ.

ಅವನ ಜೊತೆಗೆ ಕೂರುತ್ತಿದ್ದವನು ಗಂಗರಾಜು. ಸಬ್‌ಸ್ಟೇಷನ್ನಿನ ಆಪರೇಟರು, ಬ್ರಹ್ಮಸಮುದ್ರದ ಕಡೆಯ ರೈತರ ಮನೆಯವನು, ವೇಣುಗೋಪಾಲನಿಗಿಂತ ಎರಡು ವರ್ಷ ದೊಡ್ಡವನು. ಕರೆಂಟು ತೆಗೆದು, ಡ್ಯೂಟಿ ಮುಗಿಸಿ, ನೆಟ್ಟಗೆ ಶೆಡ್ಡಿಗೆ ಬರುತ್ತಿದ್ದ. ಊರಿಗೆಲ್ಲ ಕತ್ತಲೆ ಕೊಟ್ಟು ತಾನು ಸಂಗೀತ ಕೇಳುವವನು ಎಂದು ವೇಣುಗೋಪಾಲನ ಹೆಂಡತಿ ಆದಿಲಕ್ಷ್ಮಿ ಅವನನ್ನು ರೇಗಿಸುತ್ತ ಟೀ ಕೊಡುತ್ತಿದ್ದಳು.

ಇಬ್ಬರೂ ಸೇರಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಹೊಸ ಸೆಲ್ಲು ಹಾಕಿದ ದಿನ ಒಂದನೇ ಟೇಪಿನಿಂದ ಶುರು. ನಂಬರು ತಪ್ಪಿಸುವ ಹಾಗಿಲ್ಲ. ಸೆಲ್ಲು ಸೋತರೆ ಬಿಸಾಡುವ ಹಾಗಿಲ್ಲ, ಕಲ್ಲುಚಪ್ಪಡಿಯ ಮೇಲೆ ಬಿಸಿಲಿಗೆ ಇಟ್ಟು ಕಾಯಿಸಿ ಮತ್ತೆ ಹಾಕಬೇಕು. ಹೀಗೆ ಏಳನೇ ಟೇಪಿಗೆ ಬಂದು ತಲುಪುವ ಹೊತ್ತಿಗೆ ಆ ಸೆಲ್ಲುಗಳು ನಾಲ್ಕೈದು ಸಲ ಬಿಸಿಲು ಕಂಡಿರುತ್ತಿದ್ದವು. ಅದು ಮುಗಿದ ಮೇಲೆಯೇ ಹೊಸ ಸೆಲ್ಲು.

ಎಲ್ಲ ತುಂಡುಗಳಲ್ಲಿ ದೊಡ್ಡದು ಯಾವುದು ಎಂಬ ಜಗಳ ಹುಟ್ಟಿಕೊಂಡದ್ದು ಅಲ್ಲಿಯೇ. ಗಂಗರಾಜು ಎರಡನೇ ಟೇಪಿನ ಕೊನೇ ತುಂಡಿನ ಕಡೆ. ಅದರಲ್ಲಿ ಕಹಳೆಗಳೆಲ್ಲ ಒಟ್ಟಿಗೆ ಎದ್ದು ನಗಾರಿ ಗುಡುಗುತ್ತಿತ್ತು. ವೇಣುಗೋಪಾಲ ಏಳನೇ ಟೇಪಿನ ಎರಡನೇ ತುಂಡಿನ ಕಡೆ. ಅದು ನಿಧಾನ. ದೊಡ್ಡ ಪಿಟೀಲುಗಳು ತಳದಲ್ಲಿ ಒಂದೇ ನಡಿಗೆಯಲ್ಲಿ ನಡೆಯುತ್ತಿದ್ದರೆ ಮೇಲೆ ಒಂದು ರಾಗ ಹೊತ್ತುಕೊಂಡ ಭಾರ ಇಳಿಸಲಾರದೆ ಬರುತ್ತಿತ್ತು. ಸೀರೆ ನೇಯುವಾಗ ಹೂವಿನ ಒಳ್ಳೆಯ ಮುಖ ಕೆಳಗಿರುತ್ತದೆ, ನೇಕಾರನಿಗೆ ಕಾಣುವುದು ಹಿಂಬದಿ. ಆ ಅಭ್ಯಾಸದಿಂದಲೋ ಏನೋ ವೇಣುಗೋಪಾಲ ಸಂಗೀತದಲ್ಲೂ ತಳವನ್ನೇ ಮೊದಲು ಕೇಳುತ್ತಿದ್ದ. ಅವನ ಅಪ್ಪ ತೀರಿಕೊಂಡು ಹದಿಮೂರನೇ ದಿನ ಮಗ್ಗಕ್ಕೆ ಕೂತಾಗ ಕರೆಂಟು ಹೋಯಿತು. ಅವತ್ತು ಏಳನೆಯದರ ಸರದಿ. ಹದಿಮೂರು ದಿನ ಬಾರದ ಅಳು ಆ ತುಂಡಿನಲ್ಲಿ ಬಂತು. ಗಂಗರಾಜು ಪಕ್ಕದಲ್ಲಿ ಕೂತಿದ್ದ. ಆದರೆ ಮಾರನೇ ವಾರ ಜಗಳಕ್ಕೆ ಬಂದಾಗ ಒಂದಿಂಚೂ ಬಿಟ್ಟುಕೊಡಲಿಲ್ಲ.

ಹದಿನೆಂಟು ವರ್ಷದ ಹಿಂದೆ ಗಂಗರಾಜುವಿಗೆ ಕಲ್ಯಾಣದುರ್ಗಕ್ಕೆ ಟ್ರಾನ್ಸ್‌ಫರ್ ಆಯಿತು. ಹೊರಡುವ ದಿನ ವೇಣುಗೋಪಾಲ ಏಳನೇ ಟೇಪನ್ನು ಅವನ ಜೇಬಿಗೆ ತುರುಕಿ, ಒಬ್ಬನೇ ಕೂತು ಕೇಳು, ಆಮೇಲೆ ತೀರ್ಪು ಹೇಳು ಎಂದ. ತಿಂಗಳಾದ ಮೇಲೆ ಫೋನು ಬಂತು. ನೀನೇ ಗೆದ್ದೆ ಎಂದ ಗಂಗರಾಜು. ವೇಣುಗೋಪಾಲ ಅವತ್ತು ಶೆಡ್ಡಿನವರಿಗೆಲ್ಲ ಮೈಸೂರ್‌ಪಾಕು ಹಂಚಿದ. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಆಮೇಲೆ ಕರೆಂಟು ತೆಗೆಯುವುದು ನಿಂತಿತು, ಮಗ್ಗಗಳು ಹಗಲೂ ರಾತ್ರಿ ಓಡಿದವು, ಟೇಪ್ ರೆಕಾರ್ಡರು ಕೆಟ್ಟು ಅಟ್ಟ ಸೇರಿತು. ಆ ತುಂಡು ತಲೆಯಲ್ಲಿ ಉಳಿಯಿತು, ಅಷ್ಟೆ.

ಈ ವರ್ಷ ಸಂಕ್ರಾಂತಿಗೆ ಬಂದಿದ್ದ ಮೊಮ್ಮಗಳ ಕಾಲ್ಗೆಜ್ಜೆ ಅವನಿಗೆ ಕೇಳಿಸಲಿಲ್ಲ. ಗೆಜ್ಜೆ ಕಾಣುತ್ತಿದೆ, ಮಗು ಕುಣಿಯುತ್ತಿದೆ, ಸದ್ದಿಲ್ಲ. ಮಗಳು ಬನಶ್ರೀ ಅಪ್ಪನನ್ನು ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ಕಿವಿಗೆ ಹೆಡ್‌ಫೋನು ತೊಡಿಸಿ ಒಂದೊಂದೇ ಸ್ವರ ಬಿಟ್ಟು, ತೆಲುಗಿನಲ್ಲಿ ವಿನಪಡುತುಂದಾ, ಕೇಳಿಸುತ್ತದಾ ಎಂದು ಕೇಳುತ್ತ ಹೋದರು. ಮೇಲಿನ ಸ್ವರಕ್ಕೆ ಹೋದಂತೆ ವೇಣುಗೋಪಾಲನ ಕೈ ಏಳಲಿಲ್ಲ. ನಲವತ್ತು ವರ್ಷದ ಮಗ್ಗದ ಸದ್ದು ಎತ್ತರದ ಸ್ವರಗಳನ್ನೆಲ್ಲ ತಿಂದುಹಾಕಿದೆ, ಹೋದದ್ದು ಬರುವುದಿಲ್ಲ, ಇನ್ನೆರಡು ಮೂರು ವರ್ಷದಲ್ಲಿ ಉಳಿದದ್ದೂ ತೆಳುವಾಗುತ್ತದೆ, ಮಾತು ಕೇಳುವುದಕ್ಕೆ ಮಿಷನ್ನು ಹಾಕಿಕೊಳ್ಳಬಹುದು ಎಂದರು.

ಅವನು ಮಾತಿನ ಬಗ್ಗೆ ಚಿಂತೆ ಮಾಡಲಿಲ್ಲ. ಮಾತು ಅವನು ಮೊದಲಿನಿಂದಲೂ ಬಾಯಿ ನೋಡಿಯೇ ತಿಳಿದುಕೊಂಡವನು. ಅವನಿಗೆ ಬೇಕಾದದ್ದು ಒಂದೇ. ಕಿವಿ ಪೂರ್ತಿ ಮುಚ್ಚುವ ಮೊದಲು ಆ ತುಂಡನ್ನು ಒಮ್ಮೆ ಸರಿಯಾಗಿ ಕೇಳಬೇಕು, ಕೇಳಿ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಆಮೇಲೆ ಲೋಕವೆಲ್ಲ ಸುಮ್ಮನಾದರೂ ಚಿಂತೆಯಿಲ್ಲ.

ಬನಶ್ರೀ ಫೋನಿನಲ್ಲಿ ಹುಡುಕತೊಡಗಿದಳು. ಅಪ್ಪ ಗುನುಗುವುದು, ಮಗಳು ಹುಡುಕುವುದು, ಹೀಗೆ ಎಂಟು ದಿನ. ನೂರಾರು ಕೇಳಿದ ಮೇಲೆ ಒಂಬತ್ತನೇ ದಿನ ಒಂದು ಸಿಕ್ಕಿತು. ಅದೇ ತಿರುವು, ಅದೇ ಏರಿಳಿತ. ಅಕ್ಷರ ಅದೇ, ಆದರೆ ಬೇರೆ ಯಾರೋ ಓದುತ್ತಿದ್ದಂತಿತ್ತು. ಚುರುಕಾಗಿತ್ತು, ತೆಳುವಾಗಿತ್ತು, ಯಾವುದೋ ಬಸ್ಸು ಹಿಡಿಯುವ ಅವಸರದಲ್ಲಿತ್ತು. ಮೇಲಿನ ರಾಗವಂತೂ ಅವನ ಕಿವಿಗೆ ಅರ್ಧಕ್ಕರ್ಧ ಬೀಳಲೇ ಇಲ್ಲ. ಬನಶ್ರೀ ಬೇರೆ ಬೇರೆ ದೇಶದವರು ನುಡಿಸಿದ್ದನ್ನು ಹಾಕಿದಳು. ಎಲ್ಲರದೂ ಅದೇ ಅವಸರ. ಈ ತುಂಡಿಗಾಗಿಯೇ ತಾನು ಅತ್ತದ್ದು? ಇದಕ್ಕಾಗಿಯೇ ಹದಿನೆಂಟು ವರ್ಷ ಬೀಗಿದ್ದು? ವೇಣುಗೋಪಾಲನಿಗೆ ಅವಮಾನವಾಯಿತು. ಮೂರು ದಿನ ಸರಿಯಾಗಿ ಊಟ ಸೇರಲಿಲ್ಲ. ನಾಲ್ಕನೇ ದಿನ ಗಂಗರಾಜುವಿಗೆ ಫೋನು ಮಾಡಿಸಿ, ಬತ್ತೀನಿ ಎಂದು ಹೇಳಿ, ಪಾವಗಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಬಂದಿಳಿದ.

ಗಂಗರಾಜು ಈಗ ರಿಟೈರಾಗಿ ಊರ ಅಂಚಿನಲ್ಲಿ ಮನೆ ಕಟ್ಟಿಸಿಕೊಂಡಿದ್ದ. ಸ್ನೇಹಿತ ಬರುತ್ತಾನೆಂದು ತನ್ನ ಹಳೇ ಟೂ-ಇನ್-ಒನ್ ಟೇಪ್ ರೆಕಾರ್ಡರಿಗೆ ರಿಪೇರಿಯವನ ಕೈಲಿ ಹೊಸ ಬೆಲ್ಟು ಹಾಕಿಸಿದ್ದ. ಹೆಂಡತಿ ಶಿವಲಕ್ಷ್ಮಮ್ಮ ಮುದ್ದೆ, ಕಡಲೆಬೀಜದ ಚಟ್ನಿ ಬಡಿಸಿದಳು. ಉಂಡು ಕೈ ತೊಳೆದರೂ ಗಂಗರಾಜು ಟೇಪಿನ ಮಾತೆತ್ತಲಿಲ್ಲ. ಮಳೆ, ಬೋರು, ಸೆಟ್ಟೂರಿನಲ್ಲಿ ಯಾರದೋ ಕುರಿ ಕಳೆದದ್ದು, ಎಲ್ಲ ಹೇಳಿದ. ಕಡೆಗೆ ವೇಣುಗೋಪಾಲನೇ ಕೇಳಿದ. ಗಂಗರಾಜು ಟೇಪು ಹಾಕಿ, ಪ್ಲಗ್ಗು ಚುಚ್ಚಿ, ಗುಂಡಿ ಒತ್ತಿದ.

ಫೋನಿನಲ್ಲಿ ಬಂದದ್ದೇ ಬಂತು. ಅದೇ ಚುರುಕು, ಅದೇ ತೆಳು.

ಗಂಗರಾಜು ಅದನ್ನು ನಿಲ್ಲಿಸಿದ. ಆಮೇಲೆ ವೇಣುಗೋಪಾಲನಿಗೆ ಬಾಯಿ ಕಾಣುವ ಹಾಗೆ ತಿರುಗಿ ಕೂತುಕೊಂಡ.

"ವೇಣೂ, ಬೈದ್ರೂ ಬೈಯಪ್ಪ. ಈ ಟೇಪು ನನ್ ಕೈಲಿ ಕೆಟ್ಟೋಯ್ತು. ಇಲ್ಲಿಗೆ ಬಂದ್ ಮೊದಲ್ನೇ ವಾರವೇ ಹಾಕ್ದೆ. ಶೆಡ್ನಾಗೆ ಕೇಳಿದ್ದು ಇದ್ರಾಗೆ ಇರ್ಲಿಲ್ಲ. ಎಲ್ಲೋ ಬಿಸ್ಲಾಗೆ ಇಟ್ಟು ಹಾಳ್ಮಾಡ್ಬುಟ್ಟೆ ಅನ್ಕೊಂಡೆ. ನಿಂಗೆ ಹೆಂಗ್ ಯೋಳ್ಲಿ?"

"ಮತ್ತೆ ನಾನೇ ಗೆದ್ದೆ ಅಂದ್ಯಲ್ಲ?"

"ಕೆಡಿಸ್ದೆ ಅನ್ನೋದ್ಕಿಂತ ಸೋತೆ ಅನ್ನೋದು ಸುಲಭ ಆಯ್ತು ಕಣಪ್ಪ."

ಹದಿನೆಂಟು ವರ್ಷ ಈ ಮನುಷ್ಯ ಪ್ರತಿ ಹಬ್ಬಕ್ಕೂ ಫೋನು ಮಾಡಿ, ಭಾನುವಾರ ನಿನ್ನ ತುಂಡು ಕೇಳಿದೆ ಎಂದು ಸುಳ್ಳು ಹೇಳುತ್ತ ಬಂದಿದ್ದ. ವೇಣುಗೋಪಾಲನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂಕಟ. ಫೋನಿನಲ್ಲೂ ಹೀಗೆಯೇ ಇದೆ, ಕೆಟ್ಟಿರುವುದು ಟೇಪಲ್ಲ, ತನ್ನ ತಲೆ ಎಂದ. ನಾವಿಬ್ಬರೂ ಕೂತು ಕೇಳಿದ್ದು ಸುಳ್ಳೇ ಹಾಗಾದರೆ ಎಂದು ಗಂಗರಾಜು ಕೇಳಿದ.

ಅಷ್ಟರಲ್ಲಿ ಶಿವಲಕ್ಷ್ಮಮ್ಮ ಮಾಳಿಗೆಯಿಂದ ಇಳಿದು ಬಂದಳು. ಸೆರಗಿನಲ್ಲಿ ನಾಲ್ಕು ದಪ್ಪ ಸೆಲ್ಲು. ಹೊಲಕ್ಕೆ ಮೋಟರು ಹಾಕಲು ಹೋಗುವಾಗ ಒಯ್ಯುವ ಎರಡು ಟಾರ್ಚುಗಳವು. ಮಂಕಾಗಿದ್ದವೆಂದು ಬೆಳಿಗ್ಗೆಯಿಂದ ಬಿಸಿಲಿಗೆ ಇಟ್ಟಿದ್ದಳು. ಚೆನ್ನಾಗಿ ಕಾದಿವೆ, ಇನ್ನೆರಡು ದಿನ ಬರುತ್ತವೆ ಎಂದು ಗಂಡನಿಗೆ ಹೇಳುತ್ತಿದ್ದಳು. ವೇಣುಗೋಪಾಲ ಅವಳ ಬಾಯಿ ನೋಡಲಿಲ್ಲ. ಸೆಲ್ಲು ನೋಡಿದ. ಎದ್ದು ಹೋಗಿ ಒಂದನ್ನು ಕೈಗೆ ತೆಗೆದುಕೊಂಡ. ಬೆಚ್ಚಗಿತ್ತು.

"ಗಂಗಣ್ಣ, ಏಳನೇದನ್ನ ನಾವು ಯಾವತ್ತಾದ್ರೂ ಹೊಸಾ ಸೆಲ್ನಾಗೆ ಕೇಳಿದ್ವಾ?"

ಗಂಗರಾಜು ಹಣೆ ಚಚ್ಚಿಕೊಂಡ. ಮೂವತ್ತು ವರ್ಷ ವಿದ್ಯುತ್ ಇಲಾಖೆಯ ಅನ್ನ ಉಂಡವನು, ವೋಲ್ಟೇಜು ಇಳಿದರೆ ಫ್ಯಾನು ನಿಧಾನವಾಗುತ್ತದೆ ಎಂದು ಊರಿಗೆಲ್ಲ ಸಮಾಧಾನ ಹೇಳಿದವನು, ಟೇಪಿಗೂ ಅದೇ ನ್ಯಾಯ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಪ್ಲಗ್ಗು ಕಿತ್ತು, ಹಿಂದಿನ ಮುಚ್ಚಳ ತೆಗೆದು, ಬಿಸಿಲಿನ ಸೆಲ್ಲು ನಾಲ್ಕನ್ನೂ ಕೂರಿಸಿದ. ಗುಂಡಿ ಒತ್ತಿದ.

ಮೊದಲು ತಳ ಬಂತು. ದೊಡ್ಡ ಪಿಟೀಲುಗಳು, ದಪ್ಪಗೆ, ಅವಸರವಿಲ್ಲದೆ. ಅದರ ಮೇಲೆ ಆ ರಾಗ ಬಂತು. ಎತ್ತರದಲ್ಲಿ ಕಳೆದುಹೋಗಿದ್ದ ಸ್ವರಗಳೆಲ್ಲ ಸೋತ ಸೆಲ್ಲಿನ ದಯೆಯಿಂದ, ಟೇಪು ನಿಧಾನವಾದಂತೆ ಕೆಳಗಿಳಿದು, ಅವನ ಕಿವಿಯಲ್ಲಿ ಇನ್ನೂ ಉಳಿದಿದ್ದ ಜಾಗಕ್ಕೆ ಬಂದು ನಿಂತಿದ್ದವು. ಒಂದೂ ತಪ್ಪಲಿಲ್ಲ. ವೇಣುಗೋಪಾಲ ಸ್ಪೀಕರಿಗೆ ಕಿವಿ ಕೊಟ್ಟು ನೆಲದ ಮೇಲೆ ಕೂತುಬಿಟ್ಟ. ಅಪ್ಪ, ಶೆಡ್ಡು, ನಿಂತ ಮಗ್ಗಗಳು, ಆದಿಲಕ್ಷ್ಮಿಯ ಟೀ, ಎಲ್ಲ ಒಟ್ಟಿಗೆ ಬಂದವು. ಅವನು ಅಳುವುದನ್ನು ನೋಡಿ ಶಿವಲಕ್ಷ್ಮಮ್ಮ ಗಾಬರಿಯಾದಳು. ಗಂಗರಾಜು ಕೈಸನ್ನೆಯಲ್ಲಿ ಸುಮ್ಮನಿರಿಸಿದ.

ತುಂಡು ಮುಗಿಯಿತು. ಗಂಗರಾಜು ಸ್ನೇಹಿತನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ.

"ಈಗ ಸೋತೆ ಕಣಪ್ಪ. ನಿಜವಾಗ್ಲೂ ಸೋತೆ. ಆದ್ರೆ ಇದನ್ನ ಬರ್ದೋನು ಒಪ್ಪಲ್ಲ. ಅವ್ನು ಬರ್ದಿದ್ದು ಇದಲ್ಲ."

"ನೇಯ್ದೋನ್ನ ಕೇಳಿ ಯಾರೂ ಸೀರೆ ಉಡಲ್ಲ ಗಂಗಣ್ಣ," ಎಂದ ವೇಣುಗೋಪಾಲ.

ಮತ್ತೊಮ್ಮೆ ಹಾಕಿದರು. ಈ ಸಲ ನಡುವೆಯೇ ಸೆಲ್ಲು ಸೋತಿತು. ರಾಗ ಇಳಿದು, ಎಳೆದು, ಗೊಗ್ಗರಿಸಿ ನಿಂತಿತು. ಸಂಜೆಯ ಬಸ್ಸಿಗೆ ಇನ್ನು ಅರ್ಧ ಗಂಟೆಯಿತ್ತು. ಗಂಗರಾಜು ಗಡಿಯಾರ ತೋರಿಸಿದ. ವೇಣುಗೋಪಾಲ ಒಂದೊಂದೇ ಸೆಲ್ಲು ಬಿಚ್ಚಿ, ಪಂಚೆಯಲ್ಲಿ ಒರೆಸಿ, ಮಾಳಿಗೆ ಮೆಟ್ಟಿಲು ಹತ್ತಿ, ನಾಳೆ ಬೆಳಗಿನ ಬಿಸಿಲು ಮೊದಲು ಬೀಳುವ ಕಡೆ ಸಾಲಾಗಿ ಇಟ್ಟು ಬಂದ.

"ನಾಳೆ ಹೋಯ್ತೀನಿ," ಎಂದ.