ಕಲ್ಲಿಗೊಂದು ನೀಲಿ ದೀಪ

ಗಲ್ಫಿನಲ್ಲಿ ನಾನು ದುಡಿದದ್ದು ಅಲಂಕಾರದ ಮೀನು ಮಾರುವ ಅಂಗಡಿಯೊಂದರಲ್ಲಿ. ಗಾಜು ಒರೆಸುವುದು, ಉಪ್ಪುನೀರು ಬದಲಿಸುವುದು, ಸಂಜೆ ದೀಪ ಆರಿಸುವುದು ನನ್ನ ಕೆಲಸ. ಅಲ್ಲಿ ಒಂದು ಮೂಲೆಯಲ್ಲಿ ಹವಳದ ತೊಟ್ಟಿಯಿತ್ತು. ಊರಿಗೆ ಮರಳಿ, ನರಿಕೊಂಬಿನಲ್ಲಿ ಮನೆ ಮಾಡಿ, ಬಂಟ್ವಾಳ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟ ಮೇಲೂ ಆ ಮೂಲೆ ಕನಸಿನಲ್ಲಿ ಬರುತ್ತಿತ್ತು. ಕನಸಿನಲ್ಲಿ ನಾನು ಒರೆಸುತ್ತಲೇ ಇರುತ್ತಿದ್ದೆ, ಗಾಜು ಮಾತ್ರ ಇರುತ್ತಿರಲಿಲ್ಲ.

ಮದುವೆಯಾದ ಮರುವರ್ಷ ಮನೆಯ ಚಾವಡಿಯಲ್ಲಿ ನಾನೂ ಒಂದು ಸಣ್ಣ ತೊಟ್ಟಿ ಇಟ್ಟೆ. ಮಂಗಳೂರು ಬಂದರಿನ ದಕ್ಕೆಯಿಂದ ನಮ್ಮ ಕಡೆಗೆ ಮೀನು ತರುವ ಟೆಂಪೋದವನು ಕ್ಯಾನುಗಳಲ್ಲಿ ಸಮುದ್ರದ ನೀರು ತಂದುಕೊಡುತ್ತಿದ್ದ. ಒಂದು ದಿನ ಬಲೆಗೆ ಸಿಕ್ಕಿದ ಕಲ್ಲೊಂದನ್ನೂ ತಂದ.

"ಇದಕ್ಕೆ ಜೀವ ಉಂಟು ಮಾರಾಯ್ರೆ. ಮುಟ್ಟಿದರೆ ಮುದುಡ್ತದೆ."

ಅಂಗಿಯ ಗುಂಡಿಯಷ್ಟಗಲದ ಹವಳದ ಜೀವಿಗಳು ಕಲ್ಲಿನ ತುಂಬ ಅಂಟಿಕೊಂಡಿದ್ದವು. ನೀರಿಗಿಳಿಸಿದ ಮರುದಿನ ಒಂದೊಂದಾಗಿ ಅರಳಿದವು. ನಡುವೆ ಕಂದು, ಅಂಚಿನಲ್ಲಿ ಎಳೆಹಸಿರು. ನಾನು ಅಂಗಡಿಗೆ ತಡವಾಗಿ ಹೋದೆ.

ಸಂತೋಷ ಹೆಚ್ಚು ಕಾಲ ಉಳಿಯಲಿಲ್ಲ. ಗುಂಡಿಗಳು ಮಂಕಾದವು, ಬೆಳಕು ಹುಡುಕುವ ಸಸಿಗಳಂತೆ ಕತ್ತು ಉದ್ದ ಮಾಡಿದವು. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿರುತ್ತದೆ. ಬೆಳಕಿನಿಂದ ಅದು ಮಾಡಿಟ್ಟ ಊಟವನ್ನೇ ಹವಳ ಉಣ್ಣುವುದು. ತೊಟ್ಟಿಯ ಮೇಲಿದ್ದ ಒಂದೇ ಬಿಳಿ ಟ್ಯೂಬ್‌ಲೈಟಿನಿಂದ ಅವುಗಳ ಹೊಟ್ಟೆ ತುಂಬುತ್ತಿರಲಿಲ್ಲ. ಗಲ್ಫಿನ ಅಂಗಡಿಯಲ್ಲಿದ್ದಂಥ ದೊಡ್ಡ ದೀಪ ನಮ್ಮ ಕೈಗೆಟುಕುವಂಥದ್ದಲ್ಲ. ಎಟುಕಿದ್ದರೂ ಅದರ ಶಾಖಕ್ಕೆ ಸಣ್ಣ ತೊಟ್ಟಿಯ ನೀರು ಬೆಂದುಹೋಗುತ್ತಿತ್ತು. ಬೇಕಾಗಿದ್ದದ್ದು ಇದ್ದ ಬಿಳಿ ಬೆಳಕಿನ ಜೊತೆಗೆ ಸ್ವಲ್ಪ ನೀಲಿ, ಸಮುದ್ರದ ಆಳಕ್ಕೆ ಇಳಿಯುತ್ತದಲ್ಲ, ಆ ನೀಲಿ.

ಮದುವೆಮನೆಗಳಿಗೆ ಲೈಟಿಂಗ್ ಮಾಡುವವನಿಂದ ನೀಲಿ ಟ್ಯೂಬೊಂದನ್ನು ತಂದು ಹಾಕಿದೆ. ಚಾವಡಿಯ ಗೋಡೆಗಳು ಅಲೆಯಾಡಿದವು, ಕುರ್ಚಿಗಳು ನೀರಿನಲ್ಲಿ ಮುಳುಗಿದಂತೆ ಕಂಡವು. ತುಂಬು ಬಸುರಿಯಾಗಿದ್ದ ನನ್ನ ಹೆಂಡತಿ ಬಾಗಿಲಿಗೆ ಒರಗಿ ನಕ್ಕಳು.

"ಇನ್ನು ಮದುಮಗನನ್ನು ಕರೆಯುವುದೊಂದೇ ಬಾಕಿ."

ಹವಳಗಳು ಮಾತ್ರ ಇನ್ನಷ್ಟು ಮುದುಡಿದವು. ಅದು ಬಿಳಿ ಟ್ಯೂಬಿಗೆ ಬಳಿದ ಬಣ್ಣ. ಬೆಳಕನ್ನು ಕೊಡುವ ಬದಲು ತಡೆಯುತ್ತಿತ್ತು. ಬಿಚ್ಚಿ ಹಿಂದಿರುಗಿಸಿದೆ.

ಅಷ್ಟರಲ್ಲಿ ಅವಳು ಹೆರಿಗೆಗೆಂದು ಮೂಡಬಿದ್ರೆಯ ತವರಿಗೆ ಹೋದಳು. ಮಗಳು ಹುಟ್ಟಿದಳು. ಎರಡೇ ದಿನದಲ್ಲಿ ಹಳದಿಯಾದಳು. ನವಜಾತ ಶಿಶುಗಳಿಗೆ ಬರುವ ಕಾಮಾಲೆ, ಬೆಳಕಿನಡಿ ಇಟ್ಟರೆ ಹೋಗ್ತದೆ ಎಂದರು ಡಾಕ್ಟರು.

ಆಸ್ಪತ್ರೆಯಲ್ಲಿ ಅವಳನ್ನಿಟ್ಟಿದ್ದ ಕೋಣೆಗೆ ನನ್ನನ್ನು ಬಿಟ್ಟದ್ದು ಮಧ್ಯಾಹ್ನ. ಕಿಟಕಿಗೆ ಪರದೆ ಎಳೆದಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಬರಿಮೈಯಲ್ಲಿ, ನೀಲಿ ಬೆಳಕಿನ ನಡುವೆ ನನ್ನ ಮಗಳು ಮಲಗಿದ್ದಳು. ನಿದ್ದೆಯಲ್ಲೇ ಬೆರಳು ಬಿಡಿಸುತ್ತಿದ್ದಳು, ಮಡಿಸುತ್ತಿದ್ದಳು. ಹೊರಗಿನ ಬಸ್ಸುಗಳ ಹಾರ್ನು ಎಲ್ಲೋ ದೂರದಿಂದ ಬಂದಂತಿತ್ತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ನಾನು ನೀರಿನ ಅಡಿಯಲ್ಲಿದ್ದೇನೆ, ಉಸಿರಾಡಲು ಏನೂ ತೊಂದರೆಯಿಲ್ಲ ಎಂದು ಅನಿಸುತ್ತಿತ್ತು. ಆಮೇಲೆ ಹೊಳೆಯಿತು, ನಾನು ಹುಡುಕುತ್ತಿದ್ದ ನೀಲಿ ಇದೇ. ಬಗ್ಗಿ ಟ್ಯೂಬಿನ ತುದಿಯಲ್ಲಿ ಅಚ್ಚಾಗಿದ್ದುದನ್ನು ಓದತೊಡಗಿದೆ.

"ಅಲ್ಲಿ ಏನು ನೋಡ್ತೀರಿ? ಮಗು ಇಲ್ಲಿ ಉಂಟು," ಎಂದರು ಹಿಂದೆ ನಿಂತಿದ್ದ ನರ್ಸ್.

"ಸಿಸ್ಟರ್, ಈ ಟ್ಯೂಬ್ ಎಲ್ಲಿ ಸಿಗ್ತದೆ?"

"ಯಾಕೆ? ಮನೆಯಲ್ಲಿ ಆಸ್ಪತ್ರೆ ಮಾಡ್ತೀರಾ?"

ನಾನು ಕಲ್ಲಿನ ಕಥೆ ಹೇಳಿದೆ. ನಡುವಯಸ್ಸಿನ ಆಕೆ ಮೊದಲು ನಕ್ಕರು, ಆಮೇಲೆ ಗಂಭೀರವಾಗಿ ಕೇಳಿದರು: "ಅದಕ್ಕೆ ಕಣ್ಣು ಉಂಟಾ? ಕಟ್ಟಬೇಕಲ್ಲ." ಇಷ್ಟು ಗಂಟೆ ಉರಿದ ಮೇಲೆ ಟ್ಯೂಬುಗಳ ಶಕ್ತಿ ಇಳಿಯುತ್ತದೆ, ಆಗ ಬದಲಿಸುತ್ತೇವೆ, ಹಳೆಯವು ಸ್ಟೋರಿನಲ್ಲಿ ಬಿದ್ದಿರುತ್ತವೆ ಎಂದೂ ಹೇಳಿದರು.

ಮಗಳ ಹಳದಿ ಇಳಿದು, ಹೆಂಡತಿಯ ಮುಖದಲ್ಲಿ ನಗು ಕಂಡ ದಿನ ಡಾಕ್ಟರ ಬಳಿ ಹೋಗಿ ಕಲ್ಲಿನ ಕಥೆ ಹೇಳಿ, ಹಳೆಯ ಟ್ಯೂಬೊಂದನ್ನು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಮಗುವಿಗೆ ಸಾಲದ ಬೆಳಕು ನಿಮ್ಮ ಕಲ್ಲಿಗೆ ಸಾಕಾಗ್ತದಾ?"

"ಗೊತ್ತಿಲ್ಲ ಡಾಕ್ಟ್ರೇ. ನೋಡುವ ಅಂತ."

"ಹಾಗಾದ್ರೆ ತಗೊಂಡು ಹೋಗಿ. ಏನಾಯ್ತು ಅಂತ ನನಗೂ ಹೇಳ್ಬೇಕು."

ಟ್ಯೂಬನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಬಸ್ಸಿನಲ್ಲಿ ಎದೆಗೆ ಒರಗಿಸಿಕೊಂಡು ಕೂತೆ. ತಿರುವು ಬಂದಾಗಲೆಲ್ಲ ಕೈ ತಾನಾಗಿ ಬಿಗಿಯಾಗುತ್ತಿತ್ತು. ಪಕ್ಕದಲ್ಲಿದ್ದ ಅಜ್ಜಿ "ಏನದು?" ಎಂದು ತುಳುವಿನಲ್ಲಿ ಕೇಳಿದರು. "ಮಗಳು ಮಲಗಿದ್ದ ಬೆಳಕು" ಎಂದುಬಿಟ್ಟೆ.

ಬಿಳಿ ಟ್ಯೂಬಿನ ಪಕ್ಕದಲ್ಲೇ ಅದನ್ನು ಕೂರಿಸಿ, ಮೇಲೆ ತಗಡು ಬಗ್ಗಿಸಿ ಇಟ್ಟೆ, ಬೆಳಕು ಚಾವಡಿಗೆ ಸೋರದೆ ನೀರಿಗೇ ಬೀಳಲಿ ಎಂದು. ಒಮ್ಮೆಲೇ ಹೆಚ್ಚು ಬೆಳಕು ಬಿದ್ದರೆ ಹವಳ ಸುಟ್ಟುಹೋಗುವುದನ್ನು ಗಲ್ಫಿನಲ್ಲಿ ಕಂಡಿದ್ದೆ. ಹಾಗಾಗಿ ಮೊದಮೊದಲು ಸ್ವಲ್ಪ ಹೊತ್ತು, ಆಮೇಲೆ ದಿನದಿಂದ ದಿನಕ್ಕೆ ತುಸು ಜಾಸ್ತಿ ಉರಿಸಿದೆ. ಬಹಳ ದಿನ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಬಂದು ನೋಡುತ್ತೇನೆ, ಅಂಚುಗಳ ಹಸಿರು ಮಿನುಗುತ್ತಿದೆ. ಗುಂಡಿಗಳು ಕತ್ತು ತಗ್ಗಿಸಿ, ಕಲ್ಲಿಗೆ ಒತ್ತಿಕೊಂಡು, ಅಗಲವಾಗಿ ಅರಳಿವೆ. ಬಾಯಿ ತೊಳೆಯುವುದನ್ನೂ ಮರೆತು ಮೂಡಬಿದ್ರೆಗೆ ಫೋನ್ ಮಾಡಿದೆ. ಹೆಂಡತಿ ಮಗಳ ಸುದ್ದಿ ಹೇಳುತ್ತಿದ್ದಳು, ನಾನು ಕಲ್ಲಿನ ಸುದ್ದಿ. ಇಬ್ಬರಿಗೂ ಅರ್ಧರ್ಧ ಕೇಳಿಸಿತು. ಡಾಕ್ಟರಿಗೂ ಹೇಳಿ ಕಳುಹಿಸಿದೆ.

ಬಾಣಂತನ ಮುಗಿಸಿ ಅವಳು ಬಂದದ್ದು ಒಂದು ಸಂಜೆ. ಬುರ್ಖಾ ಕೂಡ ಕಳಚದೆ ತೊಟ್ಟಿಯ ಎದುರು ಚಾಪೆ ಹಾಸಿ ಮಗಳನ್ನು ಮಡಿಲಿಗೆ ಹಾಕಿಕೊಂಡಳು. ಮಗು ನೀರಿನ ಕಡೆಗೆ ಕಣ್ಣು ಬಿಟ್ಟುಕೊಂಡಿತ್ತು. ಏನು ಕಂಡಿತೋ. ನೀರಿನ ನೆರಳು ಇಬ್ಬರ ಮುಖದ ಮೇಲೂ ಮೆಲ್ಲಗೆ ಓಡಾಡುತ್ತಿತ್ತು.

ದೀಪ ಆರಿಸುವ ಹೊತ್ತು ಮೀರಿತ್ತು. ನಾನು ಸ್ವಿಚ್ಚಿಗೆ ಕೈ ಚಾಚಿದೆ.

"ಸ್ವಲ್ಪ ಇರಲಿ," ಎಂದಳು.